ನೀರು ಕೊಡದ ಬಲ: ಹದಿಹರೆಯದ ಈಜುಗಾರರ ಮಂಡಿಯ ಬಗ್ಗೆ

ಈಜು ಮಂಡಿಗೆ ಹಿತವಾದ ವ್ಯಾಯಾಮ ಎಂದು ವೈದ್ಯರೂ ಹೇಳುತ್ತಾರೆ, ಫಿಸಿಯೋಥೆರಪಿಸ್ಟ್‌ಗಳಾದ ನಾವೂ ಹೇಳುತ್ತೇವೆ. ಕುತ್ತಿಗೆಯವರೆಗೆ ನೀರಿರುವ ಕಡೆ ನಿಂತವರ ಕಾಲುಗಳ ಮೇಲೆ ಬೀಳುವ ಭಾರ ಅವರ ತೂಕದ ಸುಮಾರು ಹತ್ತನೇ ಒಂದು ಪಾಲು ಮಾತ್ರ. ಆದ್ದರಿಂದಲೇ ಮಂಡಿ ಸವೆದ ಹಿರಿಯರಿಗೆ ನೀರಿನಲ್ಲಿ ನಡೆಯಿರಿ ಎಂದು ಸಲಹೆ ಕೊಡುತ್ತೇವೆ. ಆದರೆ ವಾರಕ್ಕೆ ಆರು ದಿನ ನಸುಕಿನಲ್ಲೇ ಕೊಳಕ್ಕಿಳಿದು, ಶಾಲೆ ಮುಗಿಸಿ ಸಂಜೆ ಮತ್ತೆ ಇಳಿಯುವ ಹದಿಮೂರು ವರ್ಷದ ಸ್ಪರ್ಧಾಳುವಿಗೆ ಇದೇ ಮಾತನ್ನು ಹಾಗೆಯೇ ಒಪ್ಪಿಸುವುದು ಸರಿಯಲ್ಲ. ಆ ಮಗುವಿನ ಮಂಡಿ ನೀರಿನಲ್ಲಿ ವಿಶ್ರಮಿಸುತ್ತಿರುವುದಿಲ್ಲ. ಒಂದೇ ಬಗೆಯ ಚಲನೆಯನ್ನು ಸಾವಿರಾರು ಬಾರಿ ಮಾಡುತ್ತಿರುತ್ತದೆ, ಅದೂ ಮೂಳೆಗಳು ದಿನೇ ದಿನೇ ಉದ್ದವಾಗುತ್ತಿರುವ ವಯಸ್ಸಿನಲ್ಲಿ.

ಬೆಂಗಳೂರಿನಲ್ಲಿ ಬೆಳೆಯುವ ಈಜುಗಾರರೊಂದಿಗೆ ಕೆಲಸ ಮಾಡುವವಳಾದ ನನಗೆ ಈ ವಿಷಯವನ್ನು ಕನ್ನಡದಲ್ಲಿ ವಿವರವಾಗಿ ಬರೆಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಭಾರತದ ಈಜಿಗೆ ಈ ಊರು ಎಷ್ಟು ಮುಖ್ಯವೆಂಬುದು ಓದುಗರಿಗೆ ತಿಳಿದೇ ಇದೆ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್ ಅವರಿಂದ ಹಿಡಿದು, ಟೋಕಿಯೋ ಮತ್ತು ಪ್ಯಾರಿಸ್ ಎರಡರಲ್ಲೂ ಈಜಿದ ಶ್ರೀಹರಿ ನಟರಾಜ್ ಅವರವರೆಗೆ ಹಲವರನ್ನು ರೂಪಿಸಿದ್ದು ಇಲ್ಲಿನ ಕೊಳಗಳು. ಧಿನಿಧಿ ದೇಸಿಂಗು 2024ರಲ್ಲಿ ಪ್ಯಾರಿಸ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಸ್ಪರ್ಧಿಸಿದಾಗ ಆಕೆಗೆ ಹದಿನಾಲ್ಕು ವರ್ಷ. 2012ರಲ್ಲಿ ಲಂಡನ್‌ನಲ್ಲಿ ಮಹಿಳೆಯರ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ ಗೆದ್ದ ಲಿಥುವೇನಿಯಾದ ರೂಟಾ ಮೆಯಿಲುಟಿಟೆಗೆ ಆಗ ಹದಿನೈದು. ದೇಹ ಇನ್ನೂ ಬೆಳೆಯುತ್ತಿರುವಾಗಲೇ ವಯಸ್ಕರ ಮಟ್ಟದ ತರಬೇತಿಯನ್ನು ಹೊರಬೇಕಾಗಿ ಬರುವ ಕ್ರೀಡೆ ಇದು. ಭುಜದ ಬಗ್ಗೆ ನಮ್ಮ ತರಬೇತುದಾರರಲ್ಲಿ ಈಗ ಸಾಕಷ್ಟು ಎಚ್ಚರ ಬಂದಿದೆ. ಮಂಡಿಯ ಬಗ್ಗೆ ಆ ಎಚ್ಚರ ಇನ್ನೂ ಬರಬೇಕಾಗಿದೆ.

ಮೊದಲು ನೀರಿನ ಗುಣವನ್ನು ಗಮನಿಸಬೇಕು. ನೆಲದ ಮೇಲೆ ನಾವು ಮೆಟ್ಟಿಲಿಳಿಯುವಾಗ, ಓಡಿ ನಿಲ್ಲುವಾಗ, ಹಾರಿ ಇಳಿಯುವಾಗ ತೊಡೆಯ ಸ್ನಾಯುಗಳು ಉದ್ದವಾಗುತ್ತಲೇ ಬಿಗಿ ಹಿಡಿದಿರುತ್ತವೆ. ಬಾವಿಯಿಂದ ಕೊಡವನ್ನು ಸೇದುವುದು ಒಂದು ಬಗೆಯ ದುಡಿಮೆಯಾದರೆ, ತುಂಬಿದ ಕೊಡವನ್ನು ಹಗ್ಗ ಜಾರದಂತೆ ಮೆಲ್ಲಗೆ ಕೆಳಗಿಳಿಸುವುದು ಇನ್ನೊಂದು ಬಗೆಯದು. ಸ್ನಾಯುವಿಗೂ ಈ ಎರಡು ಕೆಲಸಗಳಿವೆ. ನೀರು ಎರಡನೆಯದನ್ನು ಹೆಚ್ಚು ಕಲಿಸುವುದಿಲ್ಲ. ನೀರಿನಲ್ಲಿ ತಳ್ಳಿದಷ್ಟು ಹೊತ್ತು ತಡೆ ಇರುತ್ತದೆ, ತಳ್ಳುವುದನ್ನು ನಿಲ್ಲಿಸಿದ ಕ್ಷಣ ತಡೆಯೂ ನಿಲ್ಲುತ್ತದೆ. ಹಿಡಿದು ನಿಧಾನವಾಗಿ ಇಳಿಸಬೇಕಾದ ಭಾರ ಅಲ್ಲಿಲ್ಲ. ಹೀಗಾಗಿ ಎಂಟು ವರ್ಷದಿಂದ ಹದಿನಾಲ್ಕರವರೆಗೆ ಬಹುಪಾಲು ಕೊಳದಲ್ಲೇ ಬೆಳೆದ ಮಗುವಿನ ಹೃದಯ, ಶ್ವಾಸಕೋಶಗಳು ಅದ್ಭುತವಾಗಿರುತ್ತವೆ, ಒದೆಯುವ ಬಲವೂ ಚೆನ್ನಾಗಿರುತ್ತದೆ, ಆದರೆ ತಡೆದು ನಿಲ್ಲಿಸುವ ಬಲ ಹಿಂದೆ ಉಳಿದಿರಬಹುದು. ಮೂಳೆಯ ಸಾಂದ್ರತೆಯ ವಿಷಯದಲ್ಲೂ ಈಜುಗಾರರು ಓಟಗಾರರಿಗಿಂತ, ಜಿಮ್ನಾಸ್ಟ್‌ಗಳಿಗಿಂತ ಹಿಂದಿರುವುದು ಬಹುಕಾಲದಿಂದ ತಿಳಿದ ಸಂಗತಿ. ಕಾರಣ ಅದೇ, ನೆಲದ ಹೊಡೆತ ಮೂಳೆಗೆ ತಲುಪುವುದಿಲ್ಲ.

ಫ್ರೀಸ್ಟೈಲ್ ಮತ್ತು ಬ್ಯಾಕ್‌ಸ್ಟ್ರೋಕ್‌ಗಳ ಕಾಲೊದೆತ ಸೊಂಟದಿಂದ ಹುಟ್ಟುತ್ತದೆ, ಮಂಡಿ ಅದನ್ನು ಹಿಂಬಾಲಿಸುತ್ತದೆ. ಫ್ರೀಸ್ಟೈಲ್‌ನಲ್ಲಿ ಕಾಲು ಕೆಳಗೆ ಬೀಸುವಾಗ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಮಂಡಿಯನ್ನು ನೇರಗೊಳಿಸುತ್ತದೆ; ಕಾಲನ್ನು ಮೇಲೆತ್ತುವುದು ಪೃಷ್ಠದ ಸ್ನಾಯುಗಳು ಮತ್ತು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗಳ ಕೆಲಸ. ದಣಿದ ಮಕ್ಕಳಲ್ಲಿ ಈ ಮೇಲೆತ್ತುವ ಭಾಗವೇ ಮೊದಲು ಸೋಲುತ್ತದೆ. ಸೊಂಟ ದುಡಿಯದಿದ್ದಾಗ ಮಗು ಮಂಡಿಯನ್ನು ಅತಿಯಾಗಿ ಮಡಿಸಿ, ಸೈಕಲ್ ತುಳಿದಂತೆ ಒದೆಯಲು ತೊಡಗುತ್ತದೆ. ಕಿಕ್ ಬೋರ್ಡ್ ಹಿಡಿದು ದೀರ್ಘವಾದ ಕಿಕ್ ಸೆಟ್, ಅಂದರೆ ಕಾಲೊದೆತದ ಅಭ್ಯಾಸವನ್ನಷ್ಟೇ ಸುತ್ತು ಸುತ್ತಾಗಿ, ಮಾಡುವಾಗ ಇದು ಎದ್ದು ಕಾಣುತ್ತದೆ: ಸೆಟ್ಟಿನ ಆರಂಭದಲ್ಲಿ ಹಿಮ್ಮಡಿಗಳು ಮಾತ್ರ ನೀರಿನ ಮೇಲ್ಮೈಯನ್ನು ಮುಟ್ಟುತ್ತಿರುತ್ತವೆ, ಕೊನೆಯ ಸುತ್ತುಗಳಲ್ಲಿ ಮೀನಖಂಡದ ಅರ್ಧದವರೆಗೆ ನೀರಿನಿಂದ ಹೊರಬರುತ್ತದೆ. ಮಂಡಿಚಿಪ್ಪಿನ ಸುತ್ತ ನೋವೆಂದು ಬರುವ ಫ್ರೀಸ್ಟೈಲ್ ಮಕ್ಕಳನ್ನು ನಾನು ಕೊಳದ ಬದಿಯಲ್ಲಿ ನಿಂತು ನೋಡುವಾಗ ಮೊದಲು ಹುಡುಕುವುದು ಇದನ್ನೇ.

ಬ್ರೆಸ್ಟ್‌ಸ್ಟ್ರೋಕ್‌ನ ಕಥೆಯೇ ಬೇರೆ, ಮತ್ತು ಮಂಡಿಯ ಮಟ್ಟಿಗೆ ಅದೇ ಮುಖ್ಯ. ಉಳಿದ ಶೈಲಿಗಳಲ್ಲಿ ಮುನ್ನಡೆಸುವ ಬಲದ ದೊಡ್ಡ ಪಾಲು ಕೈಗಳಿಂದ ಬಂದರೆ ಇಲ್ಲಿ ಕಾಲುಗಳ ಪಾಲು ಬಹಳ ಹೆಚ್ಚು. ಬಲ ಕೊಡುವ ಹಂತದಲ್ಲಿ ಪಾದಗಳು ಹೊರಕ್ಕೆ ತಿರುಗಿರಲೇಬೇಕೆಂಬುದು ಈ ಶೈಲಿಯ ನಿಯಮ. ಮಂಡಿ ಮಡಿಸಿ, ಹಿಮ್ಮಡಿಯನ್ನು ಪೃಷ್ಠದ ಹತ್ತಿರ ತಂದು, ಪಾದವನ್ನು ಹೊರಕ್ಕೆ ತಿರುಗಿಸಿ, ಅರ್ಧವೃತ್ತದಲ್ಲಿ ನೀರನ್ನು ಹಿಂದಕ್ಕೂ ಒಳಕ್ಕೂ ತಳ್ಳಬೇಕು. ಆ ಕ್ಷಣದಲ್ಲಿ ಮಂಡಿಯ ಕೆಳಗಿನ ಕಾಲು ಹೊರಕ್ಕೆ ತಿರುಚಿಕೊಂಡಿರುತ್ತದೆ, ಅದರ ಮೇಲೆ ನೀರಿನ ಒತ್ತಡ ಅದನ್ನು ಇನ್ನಷ್ಟು ಹೊರಕ್ಕೆ ದೂಡುತ್ತಿರುತ್ತದೆ. ಮಂಡಿಯ ಒಳಬದಿಯ ಅಸ್ಥಿರಜ್ಜು, ಅಂದರೆ ಮೂಳೆಯನ್ನು ಮೂಳೆಗೆ ಕಟ್ಟಿಹಿಡಿಯುವ ಗಟ್ಟಿ ಪಟ್ಟಿ, ಪ್ರತಿ ಒದೆತಕ್ಕೂ ಹಿಗ್ಗುತ್ತದೆ. 1974ರಲ್ಲಿ ಕೆನಡಾದ ಕೆನೆಡಿ ಮತ್ತು ಹಾಕಿನ್ಸ್ ಎಂಬ ವೈದ್ಯರು ಈ ಒಳಬದಿಯ ನೋವನ್ನು ಬ್ರೆಸ್ಟ್‌ಸ್ಟ್ರೋಕರ್ಸ್ ನೀ ಎಂಬ ಹೆಸರಿನಲ್ಲಿ ವಿವರಿಸಿದರು. ಇಂದಿಗೂ ಕೊಳಗಳಲ್ಲಿ ಅದೇ ಹೆಸರು ಬಳಕೆಯಲ್ಲಿದೆ. ಎಲ್ಲ ಒಳಬದಿಯ ನೋವೂ ಆ ಅಸ್ಥಿರಜ್ಜುವಿನದೇ ಅಲ್ಲ ಎಂಬುದು ಆಮೇಲೆ ಸ್ಪಷ್ಟವಾಯಿತು. ಕೀಲಿನ ಒಳಪೊರೆಯ ಒಂದು ಮಡಿಕೆ ಉಜ್ಜಿ ದಪ್ಪಗಾಗಿ ನೋವು ತರಬಹುದು, ಮಂಡಿಚಿಪ್ಪಿನ ಒಳ ಅಂಚು ನೋಯಬಹುದು, ತೊಡೆಯ ಒಳಭಾಗದ ಸ್ನಾಯುಗಳು ಎಳೆತಕ್ಕೆ ಸಿಕ್ಕಿರಬಹುದು. ಬೆರಳಿನಿಂದ ಒತ್ತಿ ಇವುಗಳನ್ನು ಬೇರ್ಪಡಿಸದೆ ಎಲ್ಲಕ್ಕೂ ಒಂದೇ ಪಟ್ಟಿ ಸುತ್ತುವುದರಿಂದ ಪ್ರಯೋಜನವಿಲ್ಲ.

1987ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನ ಕೆಲಸದಲ್ಲಿ ತುಂಬ ಉಪಯೋಗಕ್ಕೆ ಬಂದಿದೆ. ಒದೆತ ಆರಂಭವಾಗುವ ಹೊತ್ತಿಗೆ ತೊಡೆಗಳು ಎಷ್ಟು ಅಗಲಿರುತ್ತವೆ ಎಂಬುದನ್ನು ಅಳೆದು, ಆ ಕೋನ 37 ಡಿಗ್ರಿಗಿಂತ ಕಡಿಮೆ ಇದ್ದವರಲ್ಲೂ 42 ಡಿಗ್ರಿಗಿಂತ ಹೆಚ್ಚಿದ್ದವರಲ್ಲೂ ಮಂಡಿಯ ತೊಂದರೆ ಹೆಚ್ಚೆಂದು ಅದು ತೋರಿಸಿತು. ಇದರ ಅರ್ಥ ಹೀಗೆ: ಸೊಂಟದ ಕೀಲು ತನ್ನ ಪಾಲಿನ ತಿರುವನ್ನು ಕೊಡದಿದ್ದರೆ ಆ ಕೊರತೆಯನ್ನು ಮಂಡಿ ತುಂಬಬೇಕಾಗುತ್ತದೆ, ಮಂಡಿಯಾದರೋ ತಿರುಗುವುದಕ್ಕೆಂದು ರೂಪುಗೊಂಡ ಕೀಲಲ್ಲ. ಸೊಂಟ ಒಳಮುಖವಾಗಿ ಸಾಕಷ್ಟು ತಿರುಗದ ಮಗುವಿಗೆ, ಎಲೀಟ್ ಈಜುಗಾರರ ವಿಡಿಯೋ ನೋಡಿ ಮಂಡಿಗಳನ್ನು ಹತ್ತಿರ ಇಟ್ಟು ಪಾದಗಳನ್ನು ಮಾತ್ರ ಹೊರಗೆಸೆಯುವ ಕಿರಿದಾದ ಒದೆತವನ್ನು ಕಲಿಸಿದರೆ ಆ ಮಗು ಅದನ್ನು ಮಾಡಿಯೇ ತೋರಿಸುತ್ತದೆ, ಆದರೆ ಮಂಡಿಯಿಂದ ಕದ್ದು ಮಾಡುತ್ತದೆ. ಮಗುವನ್ನು ಬೋರಲು ಮಲಗಿಸಿ, ಮಂಡಿಯನ್ನು ನೇರಕೋನಕ್ಕೆ ಮಡಿಸಿ, ಪಾದವನ್ನು ಹೊರಕ್ಕೆ ಬೀಳಲು ಬಿಟ್ಟು ಸೊಂಟದ ತಿರುವನ್ನು ನೋಡುವುದಕ್ಕೆ ಒಂದು ನಿಮಿಷ ಸಾಕು. ಕಿರಿದಾದ ಕಿಕ್ ಯಾರಿಗೆ ಒಪ್ಪುತ್ತದೆ, ಯಾರಿಗೆ ಒಪ್ಪುವುದಿಲ್ಲ ಎಂದು ತಾಂತ್ರಿಕ ಬದಲಾವಣೆಗೆ ಮೊದಲೇ ತಿಳಿಯುತ್ತದೆ.

ಸ್ನಾಯುಗಳ ಸಮತೋಲನ ಇಲ್ಲಿಯೇ ಒಳಬರುತ್ತದೆ. ಹ್ಯಾಮ್‌ಸ್ಟ್ರಿಂಗ್ ಎಂದರೆ ಒಂದು ಸ್ನಾಯುವಲ್ಲ. ಒಳಬದಿಯಲ್ಲಿ ಎರಡು, ಹೊರಬದಿಯಲ್ಲಿ ಒಂದು. ಹೊರಬದಿಯದು ಮಂಡಿಯ ಕೆಳಗಿನ ಕಾಲನ್ನು ಹೊರಕ್ಕೆ ತಿರುಗಿಸುತ್ತದೆ, ಒಳಬದಿಯವು ಒಳಕ್ಕೆ ತಿರುಗಿಸುತ್ತವೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಾಲು ಹೊರಕ್ಕೆ ಅತಿಯಾಗಿ ತಿರುಚದಂತೆ ಲಗಾಮು ಹಿಡಿಯುವುದು ಈ ಒಳಬದಿಯ ಜೋಡಿ ಮತ್ತು ಅವುಗಳ ಪಕ್ಕದಲ್ಲೇ ಮಂಡಿಯ ಒಳಬದಿಗೆ ಬಂದು ಸೇರುವ ತೊಡೆಯ ಸ್ನಾಯುಗಳು. ಅವು ದುರ್ಬಲವಾಗಿದ್ದರೆ ಅಥವಾ ಬೇಗ ದಣಿದರೆ ಆ ಹೊರೆ ನೇರವಾಗಿ ಅಸ್ಥಿರಜ್ಜುವಿನ ಮೇಲೆ ಬೀಳುತ್ತದೆ. ಕ್ವಾಡ್ರಿಸೆಪ್ಸ್‌ಗೆ ಹೋಲಿಸಿದರೆ ಹ್ಯಾಮ್‌ಸ್ಟ್ರಿಂಗ್ ಎಷ್ಟು ಬಲವಾಗಿದೆ ಎಂಬ ಪ್ರಶ್ನೆ ಬಂದಿರುವುದು ಮುಖ್ಯವಾಗಿ ಫುಟ್‌ಬಾಲ್‌ನಂಥ ಆಟಗಳಿಂದ. ಅಲ್ಲಿ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದನ್ನು, ಹ್ಯಾಮ್‌ಸ್ಟ್ರಿಂಗ್ ಹರಿಯುವುದನ್ನು ತಪ್ಪಿಸುವುದು ಗುರಿ. ಈಜುವಾಗ ಅಂಥ ಗಾಯಗಳು ಅಪರೂಪ. ಹಾಗೆಂದು ಪ್ರಶ್ನೆಯನ್ನು ಬಿಡುವಂತಿಲ್ಲ, ಈಜಿಗೆ ತಕ್ಕಂತೆ ಅದನ್ನು ಮತ್ತೆ ಕೇಳಿಕೊಳ್ಳಬೇಕು.

ಇದರ ಜೊತೆಗೆ ಬೆಳವಣಿಗೆ ಸೇರುತ್ತದೆ. ಹುಡುಗಿಯರಲ್ಲಿ ಎತ್ತರ ಅತಿ ವೇಗವಾಗಿ ಹೆಚ್ಚುವ ಹಂತ ಸರಾಸರಿ ಹನ್ನೆರಡರ ಸುಮಾರಿಗೆ, ಹುಡುಗರಲ್ಲಿ ಹದಿನಾಲ್ಕರ ಸುಮಾರಿಗೆ ಬರುತ್ತದೆ. ಒಬ್ಬೊಬ್ಬರಲ್ಲಿ ಒಂದೆರಡು ವರ್ಷ ಹಿಂದೆ ಮುಂದೆ ಆಗುವುದು ಸಹಜ. ಆ ಹಂತದಲ್ಲಿ ತೊಡೆಯ ಮೂಳೆ ಮತ್ತು ಅದರ ಕೆಳಗಿನ ಮೂಳೆ ಮೊದಲು ಉದ್ದವಾಗುತ್ತವೆ, ಸ್ನಾಯುವಿನ ಬಲ ಕೆಲವು ತಿಂಗಳು ತಡವಾಗಿ ಬರುತ್ತದೆ. ಉದ್ದವಾದ ಕಾಲನ್ನು ಹಳೆಯ ಬಲದಿಂದಲೇ ಆಡಿಸಬೇಕಾದ ಈ ನಡುಗಾಲದಲ್ಲಿ ಮಕ್ಕಳ ಟೈಮಿಂಗ್ ನಿಂತುಬಿಡುವುದೂ, ಮಂಡಿಚಿಪ್ಪಿನ ಕೆಳಗಿನ ಉಬ್ಬು ನೋಯುವ ಆಸ್‌ಗುಡ್-ಶ್ಲಾಟರ್ ತೊಂದರೆ ಕಾಣಿಸಿಕೊಳ್ಳುವುದೂ ಉಂಟು. ಅನಂತರ ಹುಡುಗರಿಗೆ ಹಾರ್ಮೋನುಗಳ ನೆರವಿನಿಂದ ತೊಡೆಯ ಹಿಂದೂ ಮುಂದೂ ಬಲ ಬೇಗ ಕೂಡುತ್ತದೆ. ಹುಡುಗಿಯರಲ್ಲಿ ಕ್ವಾಡ್ರಿಸೆಪ್ಸ್ ಬೆಳೆದಷ್ಟು ಹ್ಯಾಮ್‌ಸ್ಟ್ರಿಂಗ್ ತಾನಾಗಿ ಬೆಳೆಯದಿರುವುದನ್ನು ಹೆಚ್ಚಾಗಿ ನೋಡುತ್ತೇವೆ, ಅವರಿಗೆ ನೆಲದ ಮೇಲಿನ ವ್ಯಾಯಾಮ ಬೇಗ ಶುರುವಾಗಬೇಕೆಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ. ಒಂದೇ ವಯೋವರ್ಗದ ಒಂದೇ ಲೇನಿನಲ್ಲಿ ಈಜುವ ಇಬ್ಬರು ಮಕ್ಕಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ಪೋಷಕರಿಗೆ ನಾನು ಹೇಳುವುದಿಷ್ಟೇ: ಜನ್ಮದಿನ ಒಂದೇ ಆಗಿದ್ದರೂ ಆ ಎರಡು ಮಂಡಿಗಳ ವಯಸ್ಸು ಒಂದೇ ಅಲ್ಲ.

ಬಲವನ್ನು ಅಳೆಯುವ ಯಂತ್ರಕ್ಕೆ ಐಸೋಕೈನೆಟಿಕ್ ಡೈನಮೋಮೀಟರ್ ಎಂದು ಹೆಸರು. ಮಗುವನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ಎದೆ, ಸೊಂಟ ಮತ್ತು ತೊಡೆಗೆ ಪಟ್ಟಿ ಬಿಗಿದು, ಪಾದದ ಗಂಟಿನ ಸ್ವಲ್ಪ ಮೇಲೆ ಯಂತ್ರದ ತೋಳನ್ನು ಕಟ್ಟುತ್ತೇವೆ. ಯಂತ್ರದ ಅಕ್ಷ ಮಂಡಿಯ ಅಕ್ಷಕ್ಕೆ ಸರಿಯಾಗಿ ಕೂರಬೇಕು. ವಯಸ್ಕರ ಅಳತೆಯ ಕುರ್ಚಿಯಲ್ಲಿ ಹನ್ನೆರಡರ ಹುಡುಗಿಯ ಬೆನ್ನಿನ ಹಿಂದೆ ದಿಂಬು ಇಡದಿದ್ದರೆ ಅದು ಕೂರುವುದಿಲ್ಲ. ಎಷ್ಟೇ ಜೋರಾಗಿ ಒದ್ದರೂ ತೋಳು ನಾವು ನಿಗದಿ ಮಾಡಿದ ವೇಗದಲ್ಲೇ ಚಲಿಸುತ್ತದೆ, ಹೆಚ್ಚಿದ ಬಲವೆಲ್ಲ ಟಾರ್ಕ್ (ತಿರುಗಿಸುವ ಬಲ) ಆಗಿ ಪರದೆಯ ಮೇಲೆ ದಾಖಲಾಗುತ್ತದೆ. ಸೆಕೆಂಡಿಗೆ 60 ಡಿಗ್ರಿಯ ನಿಧಾನ ವೇಗದಲ್ಲಿ ಗರಿಷ್ಠ ಬಲವನ್ನೂ, 180 ಅಥವಾ 300 ಡಿಗ್ರಿಯ ವೇಗದಲ್ಲಿ ಚುರುಕನ್ನೂ ದಣಿವನ್ನೂ ನೋಡುತ್ತೇವೆ. ಮೊದಲ ಸಲ ಕೂತ ಮಕ್ಕಳು ಸಂಕೋಚದಿಂದ ಅರ್ಧ ಮನಸ್ಸಿನಲ್ಲಿ ಒದೆಯುತ್ತಾರೆ. ಕೆಲವು ಅಭ್ಯಾಸದ ಒದೆತಗಳಾದ ಮೇಲೆ, ಪರದೆಯ ಗೆರೆ ತಮ್ಮ ಕಾಲಿನಿಂದಲೇ ಏಳುತ್ತಿದೆ ಎಂದು ಅರ್ಥವಾದಾಗ, ಹಲ್ಲು ಕಚ್ಚಿ ಒದೆಯಲು ತೊಡಗುತ್ತಾರೆ. ಆರೋಗ್ಯವಂತ ಮಂಡಿಯಲ್ಲಿ ಆ ಗೆರೆ ನುಣುಪಾದ ಗುಡ್ಡದಂತೆ ಎದ್ದು ಇಳಿಯುತ್ತದೆ. ಮಂಡಿಚಿಪ್ಪಿನ ಹಿಂದೆ ನೋವಿರುವವರಲ್ಲಿ ಗೆರೆ ನಡುವೆ ತಗ್ಗಿ ಮತ್ತೆ ಏಳುವುದುಂಟು. ಬಾಯಲ್ಲಿ ನೋವಿಲ್ಲವೆಂದರೂ ಕಾಲು ಆ ಕೋನದಲ್ಲಿ ಕ್ಷಣಕಾಲ ಹಿಂಜರಿದಿರುತ್ತದೆ.

ಈ ಪರೀಕ್ಷೆಯ ವರದಿಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಹ್ಯಾಮ್‌ಸ್ಟ್ರಿಂಗ್ ಮತ್ತು ಕ್ವಾಡ್ರಿಸೆಪ್ಸ್‌ಗಳ ಅನುಪಾತಕ್ಕೆ. ನಿಧಾನ ವೇಗದಲ್ಲಿ ಅದು ಸುಮಾರು 0.6 ಇರಬೇಕೆಂಬುದು ಹಳೆಯ ರೂಢಿಯ ಮಾತು. ವೇಗ ಹೆಚ್ಚಿದಂತೆ ಅನುಪಾತವೂ ಏರುತ್ತದೆ. ಒಂದು ಅಂಕಿ, ಪಕ್ಕದಲ್ಲಿ ಹಸಿರು ಅಥವಾ ಕೆಂಪು ಬಣ್ಣ, ತರಬೇತುದಾರರಿಗೂ ಪೋಷಕರಿಗೂ ಸುಲಭವಾಗಿ ಅರ್ಥವಾಗುತ್ತದೆ. ಬೆಳೆಯುವ ಮಕ್ಕಳ ವಿಷಯದಲ್ಲಿ ಈ ಒಂದೇ ಅಂಕಿಯನ್ನು ನಂಬಬಾರದು ಎಂಬುದೇ ನಾನು ಈ ಬರಹದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. 50 ಕಿಲೋ ತೂಕದ ಹುಡುಗಿಯೊಬ್ಬಳ ಕ್ವಾಡ್ರಿಸೆಪ್ಸ್ 120 ನ್ಯೂಟನ್ ಮೀಟರ್, ಹ್ಯಾಮ್‌ಸ್ಟ್ರಿಂಗ್ 66 ನ್ಯೂಟನ್ ಮೀಟರ್ ತೋರಿಸಿದರೆ ಅನುಪಾತ 0.55. ವರದಿ ಕೆಂಪು. ಆರು ತಿಂಗಳ ನಂತರ ಅವಳ ತೂಕ 54 ಕಿಲೋ, ಹ್ಯಾಮ್‌ಸ್ಟ್ರಿಂಗ್ ಅದೇ 66, ಕ್ವಾಡ್ರಿಸೆಪ್ಸ್ 102 ಎಂದುಕೊಳ್ಳಿ. ಅನುಪಾತ ಈಗ 0.65ರ ಹತ್ತಿರ, ವರದಿ ಹಸಿರಾಗಿದೆ, ಮನೆಯವರು ಸಂತೋಷಪಡುತ್ತಾರೆ. ನಿಜವಾಗಿ ಆಗಿರುವುದೇನು? ಒಂದು ಕಿಲೋ ತೂಕಕ್ಕೆ ಕ್ವಾಡ್ರಿಸೆಪ್ಸ್ ಬಲ 2.4ರಿಂದ 1.9ಕ್ಕೆ ಇಳಿದಿದೆ, ಹ್ಯಾಮ್‌ಸ್ಟ್ರಿಂಗ್ ಬಲ 1.32ರಿಂದ 1.22ಕ್ಕೆ ಇಳಿದಿದೆ. ಮಂಡಿನೋವಿನಿಂದಾಗಿ ಮೆದುಳು ಕ್ವಾಡ್ರಿಸೆಪ್ಸ್‌ನ ದುಡಿಮೆಯನ್ನು ತಗ್ಗಿಸಿದೆ, ಭಿನ್ನರಾಶಿಯ ಛೇದ ಚಿಕ್ಕದಾದ ಕಾರಣ ಭಾಗಲಬ್ಧ ದೊಡ್ಡದಾಗಿದೆ. ಎರಡೂ ಕಡೆ ಸೊರಗಿದ ಕಾಲನ್ನು ಸಮತೋಲನದ ಕಾಲೆಂದು ಕರೆದಂತಾಯಿತು. ಅದೇ ಹುಡುಗಿ ಸರಿಯಾದ ವ್ಯಾಯಾಮ ಮಾಡಿ ಕ್ವಾಡ್ರಿಸೆಪ್ಸ್ 132, ಹ್ಯಾಮ್‌ಸ್ಟ್ರಿಂಗ್ 82ಕ್ಕೆ ಬಂದಿದ್ದರೆ ಅನುಪಾತ 0.62, ಮೊದಲಿನ 0.65ಕ್ಕಿಂತ ಕಡಿಮೆ, ಆದರೆ ಕಾಲು ಎಷ್ಟೋ ಮೇಲು. ಆದ್ದರಿಂದ ವರದಿ ಕೈಗೆ ಬಂದಾಗ ಅನುಪಾತದ ಸಾಲನ್ನು ಕೊನೆಗೆ ಓದಬೇಕು. ತೂಕಕ್ಕೆ ಹೊಂದಿಸಿದ ಎರಡೂ ಬಲಗಳನ್ನು ಮೊದಲು, ಕಳೆದ ಸಲದ ಅಂಕಿಗಳ ಪಕ್ಕದಲ್ಲಿಟ್ಟು ಓದಬೇಕು.

ಇನ್ನೂ ಒಂದು ಸೂಕ್ಷ್ಮವಿದೆ. ಯಂತ್ರದಲ್ಲಿ ಮಗು ಕೂತಿರುತ್ತದೆ, ಅಂದರೆ ಸೊಂಟ ಮಡಿಸಿರುತ್ತದೆ. ಹ್ಯಾಮ್‌ಸ್ಟ್ರಿಂಗ್ ಸೊಂಟ ಮತ್ತು ಮಂಡಿ ಎರಡನ್ನೂ ದಾಟುವ ಸ್ನಾಯುವಾದ್ದರಿಂದ, ಕೂತಾಗ ಅದು ಮೇಲಿನಿಂದ ಹಿಗ್ಗಿದ ಸ್ಥಿತಿಯಲ್ಲಿದ್ದು ಹೆಚ್ಚು ಬಲ ಕೊಡುತ್ತದೆ. ನೀರಿನಲ್ಲಿ ಈಜುಗಾರ್ತಿ ಸೊಂಟ ಚಾಚಿ ಉದ್ದಕ್ಕೆ ಮಲಗಿರುತ್ತಾಳೆ. ಅಲ್ಲಿ ಅದೇ ಸ್ನಾಯು ಕುಗ್ಗಿದ ಸ್ಥಿತಿಯಲ್ಲಿ ದುಡಿಯಬೇಕು, ಬಲವೂ ಕಡಿಮೆ ಸಿಗುತ್ತದೆ. ಕುರ್ಚಿಯಲ್ಲಿ ಸಿಕ್ಕ ಅನುಪಾತ ಕೊಳದ ಸ್ಥಿತಿಗಿಂತ ಚೆನ್ನಾಗಿ ಕಾಣುವುದು ಹೀಗೆ. ಸಾಧ್ಯವಾದಾಗಲೆಲ್ಲ ಬೋರಲು ಮಲಗಿಸಿ ಇನ್ನೊಮ್ಮೆ ಅಳೆಯುವುದು ಒಳ್ಳೆಯದು. ಕೈಯಲ್ಲಿ ಹಿಡಿಯುವ ಚಿಕ್ಕ ಡೈನಮೋಮೀಟರ್ ಇದಕ್ಕೆ ಧಾರಾಳವಾಗಿ ಸಾಕಾಗುತ್ತದೆ, ಅದನ್ನು ಕೊಳದ ಬದಿಗೂ ಒಯ್ಯಬಹುದು.

ಎಡಬಲಗಳ ವ್ಯತ್ಯಾಸದ ಬಗ್ಗೆ ಕೆಲವು ಮಾತು. ಈಜು ಎರಡೂ ಬದಿಗಳನ್ನು ಸಮನಾಗಿ ದುಡಿಸುವ ಕ್ರೀಡೆಯೆಂದು ತೋರಿದರೂ ಸ್ಟಾರ್ಟಿಂಗ್ ಬ್ಲಾಕ್ ಮೇಲೆ ಹಾಗಿಲ್ಲ. ಒಂದು ಪಾದ ಮುಂದಿನ ಅಂಚಿನಲ್ಲಿ, ಇನ್ನೊಂದು ಹಿಂದಿನ ಇಳಿಜಾರು ಫಲಕದ ಮೇಲೆ. ಪ್ರತಿ ಡೈವ್‌ಗೂ ಅದೇ ಕಾಲು ಮುಂದೆ. ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈ ಟರ್ನ್‌ನಲ್ಲೂ ಹೆಚ್ಚಿನವರು ಒಂದೇ ಕಡೆಗೆ ತಿರುಗುತ್ತಾರೆ. ವರ್ಷಗಟ್ಟಲೆ ಇದು ನಡೆದಾಗ ಕಾಲುಗಳ ನಡುವೆ ಸ್ವಲ್ಪ ವ್ಯತ್ಯಾಸ ಬರುವುದು ಸಹಜ. ನೂರಕ್ಕೆ ಹತ್ತರೊಳಗಿನ ವ್ಯತ್ಯಾಸಕ್ಕೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಹದಿನೈದನ್ನು ದಾಟಿದರೆ, ಅದರಲ್ಲೂ ದುರ್ಬಲ ಕಾಲಿನ ಮಂಡಿಯೇ ನೋಯುತ್ತಿದ್ದರೆ, ಆ ಕಾಲಿಗೆ ಪ್ರತ್ಯೇಕ ವ್ಯಾಯಾಮ ಕೊಡುತ್ತೇನೆ.

ದುಬಾರಿ ಯಂತ್ರ ಬೆಂಗಳೂರಿನಂಥ ಊರಿನಲ್ಲೂ ಎಲ್ಲರ ಕೈಗೆಟುಕುವುದಿಲ್ಲ, ಜಿಲ್ಲಾ ಕೇಂದ್ರಗಳ ಕೊಳಗಳಲ್ಲಿ ಕಲಿಯುವ ಮಕ್ಕಳ ಮಾತು ಹಾಗಿರಲಿ. ಅದಿಲ್ಲದೆಯೂ ಬಹಳಷ್ಟು ತಿಳಿಯಬಹುದು. ಸಾಧಾರಣ ಮೆಟ್ಟಿಲಿನ ಎತ್ತರದ ಕಟ್ಟೆಯ ಅಂಚಿನಲ್ಲಿ ಮಗುವನ್ನು ಒಂಟಿಕಾಲಿನಲ್ಲಿ ನಿಲ್ಲಿಸಿ, ಇನ್ನೊಂದು ಕಾಲಿನ ಹಿಮ್ಮಡಿ ನೆಲವನ್ನು ಸೋಕುವಷ್ಟು ನಿಧಾನವಾಗಿ ಇಳಿದು ಮತ್ತೆ ಏಳಲು ಹೇಳಿ. ನಿಂತ ಕಾಲಿನ ಮಂಡಿ ಹೆಬ್ಬೆರಳನ್ನು ದಾಟಿ ಒಳಕ್ಕೆ ಬೀಳುತ್ತದೆಯೇ, ಸೊಂಟ ಒಂದು ಬದಿಗೆ ಕುಸಿಯುತ್ತದೆಯೇ ಎಂದು ಮುಂದೆ ನಿಂತು ನೋಡಿ. ರಾಜ್ಯಮಟ್ಟದಲ್ಲಿ ಪದಕ ಗೆದ್ದ ಮಕ್ಕಳ ಮಂಡಿಯೂ ಕೆಲವೇ ಬಾರಿ ಇಳಿದೆದ್ದ ಮೇಲೆ ನಡುಗತೊಡಗುವುದನ್ನು ಕಂಡ ತರಬೇತುದಾರರು ಅಚ್ಚರಿಪಡುತ್ತಾರೆ. ಅಂಗಾತ ಮಲಗಿ ಒಂದು ಹಿಮ್ಮಡಿಯನ್ನು ಬೆಂಚಿನ ಮೇಲಿಟ್ಟು ಸೊಂಟವನ್ನು ಎಷ್ಟು ಸಲ ಎತ್ತಲು ಸಾಧ್ಯವೆಂದು ಎರಡೂ ಕಾಲಿಗೆ ಎಣಿಸಿದರೆ ಹ್ಯಾಮ್‌ಸ್ಟ್ರಿಂಗ್‌ನ ತಾಳಿಕೆ ತಿಳಿಯುತ್ತದೆ. ಕುಕ್ಕರಗಾಲಿನಲ್ಲಿ ಹಿಮ್ಮಡಿ ಎತ್ತದೆ ಕೂರಲು ಬರುತ್ತದೆಯೇ ಎಂಬುದನ್ನೂ ನೋಡುತ್ತೇನೆ. ಹಿಂದಿನ ತಲೆಮಾರಿಗೆ ಅದು ದಿನನಿತ್ಯದ ಭಂಗಿ. ಕಮೋಡ್, ಸೋಫಾ, ಕಾರುಗಳ ನಡುವೆ ಬೆಳೆದ ಈಗಿನ ಮಕ್ಕಳಲ್ಲಿ ಅದು ತಪ್ಪಿಹೋಗಿದೆ, ಮತ್ತು ಪಾದ ಚಾಚುವುದರಲ್ಲಿ ಪಳಗಿದ ಈಜುಗಾರರ ಪಾದದ ಗಂಟು ಎದುರು ದಿಕ್ಕಿಗೆ, ಅಂದರೆ ಪಾದವನ್ನು ಮೇಲಕ್ಕೆ ಮಡಿಸಲು, ಬಿಗಿಯಾಗಿರುವುದೂ ಅಪರೂಪವಲ್ಲ. ಬ್ರೆಸ್ಟ್‌ಸ್ಟ್ರೋಕ್ ಒದೆತಕ್ಕೆ ಆ ಮಡಿಕೆ ಬೇಕೇ ಬೇಕು.

ಇನ್ನು ಪರಿಹಾರದ ಮಾತು. ತೂಕ ಎತ್ತಿದರೆ ಮಕ್ಕಳು ಕುಳ್ಳಾಗುತ್ತಾರೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಸರಿಯಾದ ಮೇಲ್ವಿಚಾರಣೆಯಲ್ಲಿ, ಸರಿಯಾದ ಭಂಗಿಯಲ್ಲಿ ಮಾಡುವ ಬಲವರ್ಧಕ ವ್ಯಾಯಾಮದಿಂದ ಎತ್ತರ ಕುಂಠಿತವಾಗುವುದಕ್ಕೆ ಆಧಾರವಿಲ್ಲ. ಅದು ಸ್ನಾಯು ಮೂಳೆಗಳೆರಡನ್ನೂ ಬಲಪಡಿಸುತ್ತದೆ. ವಾರಕ್ಕೆ ಎರಡು ಸಲ, ಅರ್ಧ ಗಂಟೆಯಷ್ಟು ಸಾಕು. ಹ್ಯಾಮ್‌ಸ್ಟ್ರಿಂಗ್‌ಗೆ ನನ್ನ ಮೊದಲ ಆಯ್ಕೆ ಮನೆಯ ನುಣುಪಾದ ನೆಲದ ಮೇಲೆ ಮಾಡುವಂಥದು. ಅಂಗಾತ ಮಲಗಿ, ಹಿಮ್ಮಡಿಗಳ ಕೆಳಗೆ ಒಂದು ಟವೆಲ್ ಹಾಕಿ, ಮಂಡಿ ಮಡಿಸಿ ಸೊಂಟವನ್ನು ಎತ್ತಬೇಕು. ಸೊಂಟ ಬೀಳದಂತೆ ಹಿಡಿದು ಹಿಮ್ಮಡಿಗಳನ್ನು ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ಜಾರಿಸಬೇಕು. ಕಾಲು ಪೂರ್ತಿ ಚಾಚುವ ಮೊದಲೇ ಸೊಂಟ ಧೊಪ್ಪೆಂದು ಬಿದ್ದರೆ ಬಲ ಎಲ್ಲಿಗೆ ಮುಗಿಯಿತೆಂದು ಮಗುವಿಗೇ ಗೊತ್ತಾಗುತ್ತದೆ. ಕೆಲವು ವಾರಗಳಲ್ಲಿ ಅದು ಸಲೀಸಾದ ಮೇಲೆ ನಾರ್ಡಿಕ್ ವ್ಯಾಯಾಮಕ್ಕೆ ಹೋಗಬಹುದು: ಮಂಡಿಯೂರಿ ನಿಂತು, ಹಿಂದಿನಿಂದ ಒಬ್ಬರು ಪಾದದ ಗಂಟುಗಳನ್ನು ಹಿಡಿದಿರುವಾಗ, ಮೈಯನ್ನು ನೇರವಾಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುವುದು. ಮಂಡಿಯ ಕೆಳಗಿನ ಉಬ್ಬು ನೋಯುವ ಮಕ್ಕಳಿಗೆ ಮಂಡಿಯೂರುವುದು ಬೇಡ, ಅವರಿಗೆ ಟವೆಲ್ಲೇ ಸಾಕು.

ಬ್ರೆಸ್ಟ್‌ಸ್ಟ್ರೋಕ್ ಮಕ್ಕಳಿಗೆ ತೊಡೆಯ ಒಳಭಾಗದ ಸ್ನಾಯುಗಳಿಗೆಂದೇ ಕೋಪನ್‌ಹೇಗನ್ ಎಂಬ ಪ್ಲ್ಯಾಂಕ್ ಕೊಡುತ್ತೇನೆ, ಅಂದರೆ ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು ಮೈಯನ್ನು ನೇರವಾಗಿ ಎತ್ತಿ ಹಿಡಿಯುವುದು; ಆರಂಭದಲ್ಲಿ ಪಾದದ ಬದಲು ಮಂಡಿಯನ್ನು ಬೆಂಚಿನ ಮೇಲಿಟ್ಟು. ಕ್ವಾಡ್ರಿಸೆಪ್ಸ್ ಹೇಗೂ ಬಲವಾಗಿದೆಯಲ್ಲ ಎಂದು ಅದನ್ನು ಬಿಟ್ಟುಬಿಡುವುದು ತಪ್ಪು. ಸ್ಟಾರ್ಟ್ ಮತ್ತು ಟರ್ನ್‌ಗಳಲ್ಲಿ ಗೋಡೆಯಿಂದ ಚಿಮ್ಮುವ ಬಲ ಅದರದೇ, ಮತ್ತು ನೋವಿನಿಂದ ಮಂಕಾದ ಕ್ವಾಡ್ರಿಸೆಪ್ಸ್ ಮಂಡಿಚಿಪ್ಪನ್ನು ಸರಿಯಾದ ಹಾದಿಯಲ್ಲಿ ಹಿಡಿದಿಡಲಾರದು. ನಮ್ಮ ಗರಡಿಮನೆಯ ಬಸ್ಕಿ ಇದಕ್ಕೆ ಒಳ್ಳೆಯ ವ್ಯಾಯಾಮವೇ. ಆದರೆ ಶಿಕ್ಷೆಯ ರೂಪದಲ್ಲಿ ನೂರಾರು ಬಸ್ಕಿಗಳನ್ನು ರಭಸವಾಗಿ ಹೊಡೆಸುವ ಪದ್ಧತಿ ಬೆಳೆಯುವ ಮಂಡಿಗೆ ಹಾನಿ. ಇಳಿಯಲು ಮೂರು ಎಣಿಸುವಷ್ಟು ಸಮಯ ಕೊಟ್ಟು ಎಂಟೋ ಹತ್ತೋ ಮಾಡಿಸಿದರೆ ಸಿಗುವ ಲಾಭ ಅದರಲ್ಲಿ ಸಿಗುವುದಿಲ್ಲ. ಬಾಕ್ಸ್ ಜಂಪ್‌ಗಳೂ ಅಷ್ಟೇ: ಹಾರುವುದನ್ನು ಕಲಿಸುವ ಮೊದಲು ಸದ್ದಿಲ್ಲದೆ, ಮಂಡಿ ಒಳಕ್ಕೆ ಬೀಳದೆ ಇಳಿಯುವುದನ್ನು ಕಲಿಸಬೇಕು. ನೀರಿನಲ್ಲಿ ಮೆತ್ತಗೆ ಬೆಳೆದ ಕಾಲಿಗೆ ಇಳಿಯುವುದೇ ಹೊಸ ಪಾಠ.

ಕೊಳದೊಳಗೆ ತರಬೇತುದಾರರು ಮಾಡಬಹುದಾದದ್ದು ಸಾಕಷ್ಟಿದೆ. ಬ್ರೆಸ್ಟ್‌ಸ್ಟ್ರೋಕ್ ಕಿಕ್ ಸೆಟ್‌ಗಳನ್ನು ತಣ್ಣಗಿನ ಮೈಯಲ್ಲಿ ಮೊದಲಿಗೇ ಹಾಕಬಾರದು, ವಾರದಿಂದ ವಾರಕ್ಕೆ ದೂರವನ್ನು ಒಮ್ಮೆಲೇ ಏರಿಸಬಾರದು, ರಜೆಯ ನಂತರ ಮರಳಿದ ಮಗುವನ್ನು ಹಳೆಯ ದೂರಕ್ಕೆ ತಕ್ಷಣ ತಳ್ಳಬಾರದು. ಕಿಕ್ ಕಡಿಮೆ ಮಾಡಿದರೆ ಟೈಮಿಂಗ್ ಹೋಗುತ್ತದೆ ಮೇಡಂ ಎಂದು ಅವರು ಹೇಳುವಾಗ ಅವರ ಆತಂಕ ನನಗೆ ಅರ್ಥವಾಗುತ್ತದೆ. ಮೀಟ್ ಹತ್ತಿರದಲ್ಲಿದೆ, ಕ್ಲಬ್ಬಿನ ಅಂಕಗಳ ಪ್ರಶ್ನೆಯಿದೆ. ಆದರೆ ನೋವು ಶುರುವಾದ ಮೊದಲ ವಾರದಲ್ಲಿ ಆ ಒದೆತವನ್ನು ಬದಿಗಿಟ್ಟು, ತೊಡೆಗಳ ನಡುವೆ ಪುಲ್ ಬಾಯ್ ಎಂಬ ತೇಲುವ ತುಂಡನ್ನು ಹಿಡಿದು ಕೈಗಳ ಕೆಲಸ, ನೋವಿಲ್ಲದಿದ್ದರೆ ಫ್ರೀಸ್ಟೈಲ್ ಕಿಕ್ ಮಾಡಿಸಿದರೆ ಮಗು ನೀರಿನಿಂದ ದೂರವಾಗುವುದಿಲ್ಲ. ನೋವನ್ನು ನುಂಗಿಕೊಂಡು ಎರಡು ತಿಂಗಳು ಒದ್ದ ಮೇಲೆ ಬಂದವರಿಗೆ ಕೊಡಬೇಕಾಗುವ ವಿರಾಮ ಇದರ ಎಷ್ಟೋ ಪಟ್ಟು.

ಪೋಷಕರು ತಿಳಿದಿರಲೇಬೇಕಾದ ಇನ್ನೊಂದು ವಿಷಯವಿದೆ. ಎಲ್ಲ ಮಂಡಿನೋವೂ ಮಂಡಿಯಿಂದ ಬರುವುದಿಲ್ಲ. ಹತ್ತರಿಂದ ಹದಿನಾರರೊಳಗಿನ ಮಕ್ಕಳಲ್ಲಿ ತೊಡೆಮೂಳೆಯ ತಲೆ ತನ್ನ ಬೆಳವಣಿಗೆಯ ಪದರದ ಬಳಿ ಜಾರುವ ಒಂದು ತೊಂದರೆಯಿದೆ. ಜಾರಿರುವುದು ಸೊಂಟದಲ್ಲಿ, ನೋವು ಮಾತ್ರ ಮಂಡಿಯಲ್ಲಿ ಅಥವಾ ತೊಡೆಯಲ್ಲಿ ಕಾಣಿಸಿಕೊಳ್ಳಬಹುದು. ಮಗು ಕುಂಟುತ್ತಿದ್ದರೆ, ಪಾದ ತಾನಾಗಿ ಹೊರಕ್ಕೆ ತಿರುಗಿದ್ದರೆ, ಸೊಂಟವನ್ನು ಒಳಕ್ಕೆ ತಿರುಗಿಸಿದಾಗ ನೋವಾದರೆ ವ್ಯಾಯಾಮವನ್ನೆಲ್ಲ ನಿಲ್ಲಿಸಿ ಅಂದೇ ಮೂಳೆ ವೈದ್ಯರಲ್ಲಿಗೆ ಹೋಗಬೇಕು, ಎಕ್ಸ್‌ರೇ ತೆಗೆಸಬೇಕು. ಮಂಡಿ ಊದಿಕೊಂಡಿದ್ದರೆ, ಮಡಿಸಿದ್ದು ಚಾಚಲಾಗದೆ ಸಿಕ್ಕಿಹಾಕಿಕೊಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಿದ್ದರೆ, ಜ್ವರ ಜೊತೆಗಿದ್ದರೆ ಅದೂ ವೈದ್ಯರ ವಿಷಯ. ಬೆಳೆಯುವ ವಯಸ್ಸಿನ ನೋವು, ತಾನಾಗಿ ಹೋಗುತ್ತದೆ ಎಂಬ ಸಮಾಧಾನವನ್ನು ಪರೀಕ್ಷೆಯಾದ ಮೇಲೆ ಹೇಳಿಕೊಳ್ಳಬಹುದು.

ಎಷ್ಟು ದಿನಕ್ಕೊಮ್ಮೆ ಅಳೆಯಬೇಕೆಂದು ಅನೇಕರು ಕೇಳುತ್ತಾರೆ. ಬಲಕ್ಕಿಂತ ಮೊದಲು ಎತ್ತರವನ್ನು ಅಳೆಯಿರಿ ಎನ್ನುತ್ತೇನೆ. ತಿಂಗಳಿಗೊಮ್ಮೆ, ಬೆಳಗಿನ ಹೊತ್ತಿನಲ್ಲಿ, ಬರಿಗಾಲಿನಲ್ಲಿ, ಅದೇ ಗೋಡೆಗೆ ಒರಗಿಸಿ ನಿಂತ ಎತ್ತರವನ್ನೂ, ಅದೇ ಸ್ಟೂಲಿನ ಮೇಲೆ ಕೂತ ಎತ್ತರವನ್ನೂ ಬರೆದಿಡಬೇಕು. ಒಂದರಿಂದ ಇನ್ನೊಂದನ್ನು ಕಳೆದರೆ ಕಾಲುಗಳು ಬೆಳೆಯುತ್ತಿರುವ ವೇಗ ಗೊತ್ತಾಗುತ್ತದೆ. ಆ ವೇಗ ಏರುತ್ತಿರುವಷ್ಟು ಕಾಲ ಮೂರು ತಿಂಗಳಿಗೊಮ್ಮೆ ಬಲದ ಪರೀಕ್ಷೆ ಮಾಡಿಸಿ, ಕಿಕ್ ದೂರವನ್ನು ಏರಿಸುವ ವಿಷಯದಲ್ಲಿ ಸಂಯಮ ಇಟ್ಟುಕೊಳ್ಳಬೇಕು. ಬೆಳವಣಿಗೆ ನಿಧಾನವಾದ ಮೇಲೆ ಆರು ತಿಂಗಳಿಗೊಮ್ಮೆ, ಸೀಸನ್ ಆರಂಭಕ್ಕೊಂದು ಮತ್ತು ನಡುವೆ ಒಂದು ಪರೀಕ್ಷೆ ಸಾಕಾಗುತ್ತದೆ. ಪ್ರತಿ ಸಲವೂ ಅದೇ ಯಂತ್ರ, ಅದೇ ಭಂಗಿ, ಅದೇ ವೇಗ ಇರಲಿ, ಮತ್ತು ಹಿಂದಿನ ದಿನ ಭಾರಿ ಕಿಕ್ ಸೆಟ್ ಬೇಡ.